ಚಿತ್ತಾಪುರದಲ್ಲಿ ಹಾಲೆಂಡಿನ ಪಾಠ

ಹೋದ ಆಗಸ್ಟಿನಲ್ಲಿ ಯಾದಗಿರಿಯ ಅಕ್ಕನ ಮನೆಗೆ ಹೊರಟವಳು ವಾಡಿಯಲ್ಲಿ ಗಾಡಿ ಬದಲಿಸಬೇಕಾಯಿತು. ಸೇಡಂ ಕಡೆಯಿಂದ ಬಂದ ಪ್ಯಾಸೆಂಜರ್ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮಳೆ ಹಿಡಿಯಿತು. ವಾಡಿಯ ಮಳೆಗೆ ಮಣ್ಣಿನ ವಾಸನೆ ಇಲ್ಲ. ಬೇವಿನ ಎಲೆ, ತಗಡು, ನಿಂತ ವ್ಯಾಗನ್ನು, ಎಲ್ಲದರ ಮೇಲೂ ಕೂತ ಸಿಮೆಂಟ್ ಕಾರ್ಖಾನೆಯ ಧೂಳು ನೆನೆದು, ಹೊಸದಾಗಿ ಗಿಲಾವು ಮಾಡಿದ ಗೋಡೆಗೆ ಮೂಗು ಹಚ್ಚಿದಂಥ ವಾಸನೆ ಏಳುತ್ತದೆ. ಆರು ವರ್ಷ ನಾನು ಈ ವಾಸನೆಯೊಳಗಿನಿಂದಲೇ ದಿನಾ ಬೆಳಿಗ್ಗೆ ಚಿತ್ತಾಪುರದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೆ. ಆರನೆಯ ವರ್ಷ ಮಾತ್ರ ಉಳಿದ ಐದನ್ನೂ ನುಂಗಿ ನಿಂತಿದೆ. ಅದು ಇಬ್ರಾಹಿಂ ಸರ್ ಹಾಲೆಂಡಿನ ಪಾಠ ಮಾಡಿದ ವರ್ಷ.

ನಮ್ಮದು ಖಾಸಗಿ ಡಿಗ್ರಿ ಕಾಲೇಜು. ಕಟ್ಟಿಸಿದವರು ಊರಿನ ಸಾವಕಾರರು. ಎಲ್ಲರೂ ಅವರನ್ನು ಸಾವಕಾರ್ರು ಎಂದೇ ಕರೆಯುತ್ತಿದ್ದೆವು. ಕಾಲೇಜಿಗೆ ಅವರೇ ಅಧ್ಯಕ್ಷರು, ಪ್ರಿನ್ಸಿಪಾಲರ ಖುರ್ಚಿ ಖಾಲಿ ಬಿದ್ದು ವರ್ಷಗಳಾಗಿದ್ದರಿಂದ ವಿಶ್ವವಿದ್ಯಾಲಯದ ಕಾಗದಗಳಿಗೂ ಅವರದೇ ಸಹಿ. ಯಾರಿಗೂ ನೇಮಕದ ಆದೇಶ ಇರಲಿಲ್ಲ. ಪ್ರತಿ ಜೂನಿನಲ್ಲಿ ನಾವು ಮೇಷ್ಟ್ರುಗಳೆಲ್ಲ ಅವರ ಮನೆಯ ಪಡಸಾಲೆಯಲ್ಲಿ ನಿಲ್ಲಬೇಕು. ಅವರು ತೂಗುಮಂಚದ ಮೇಲೆ ಕೂತು ಒಬ್ಬೊಬ್ಬರ ಹೆಸರು ಕರೆದು, "ಬಾರವ್ವಾ ಮಹಾದೇವಿ, ಈ ವರ್ಷಾನೂ ನೀನ ಮಾಡು" ಅಂದರೆ ಒಂದು ವರ್ಷದ ಬದುಕು ಸಿಕ್ಕಂತೆ. ಹೆಸರು ಬರದಿದ್ದವರು ಚಹಾ ಕುಡಿದು ಹೋಗಬೇಕು. ಚಹಾ ಎಲ್ಲರಿಗೂ ಇತ್ತು.

ಅವರು ಕೆಟ್ಟವರಾಗಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ನಮ್ಮಪ್ಪ ರೈಲ್ವೆಯಿಂದ ನಿವೃತ್ತರಾದ ಮೇಲೆ ಎದೆನೋವು ಬಂದು ಬಿದ್ದಾಗ ಸಾವಕಾರ್ರು ತಮ್ಮ ಜೀಪು ಕಳಿಸಿ ಕಲಬುರಗಿಯ ದವಾಖಾನೆಗೆ ಮುಟ್ಟಿಸಿದ್ದರು. ಜವಾನನ ಮಗಳ ಮದುವೆಯಲ್ಲಿ ತಾವೇ ನಿಂತು ಬಡಿಸಿದ್ದರು.

ಇಬ್ರಾಹಿಂ ಸರ್ ರಾಜ್ಯಶಾಸ್ತ್ರದ ಹಿರಿಯರು. ನಾನು ಅವರ ಕೈಕೆಳಗಿನ ಉಪನ್ಯಾಸಕಿ. ಸರ್ ಶಹಾಬಾದಿನವರು, ಎಷ್ಟು ತಲೆಮಾರಿನಿಂದ ಅಂದರೆ ಅವರ ಮನೆತನದ ಗೋರಿಗಳ ಮೇಲಿನ ಅಕ್ಷರಗಳು ಯಾರಿಗೂ ಓದಲಿಕ್ಕೆ ಬಾರದಷ್ಟು ಸವೆದಿದ್ದವು. ಐವತ್ತೆಂಟರ ವಯಸ್ಸಿನಲ್ಲೂ ಪಡಸಾಲೆಯಲ್ಲಿ ನಮ್ಮ ಜೊತೆಗೇ ನಿಲ್ಲುತ್ತಿದ್ದರು. ಯೌವನದಲ್ಲಿ ಹೈದರಾಬಾದಿನಲ್ಲಿ ಎಂ.ಫಿಲ್. ಮಾಡಿದ್ದರು, ಹಾಲೆಂಡಿನ ಗಣರಾಜ್ಯ ಚಿಂತನೆಯ ಮೇಲೆ. ನನ್ನ ಆರನೆಯ ವರ್ಷ ಹೊಸ ಪಠ್ಯಕ್ರಮದಲ್ಲಿ ಅದೊಂದು ಐಚ್ಛಿಕ ಪತ್ರಿಕೆಯಾಗಿ ಬಂದಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೆ.

"ಸರ್, ಬಿಟ್ಟು ಬಿಟ್ಟು ಹಾಲೆಂಡ್ ಯಾಕ ಹಿಡಿದ್ರಿ?" ಎಂದು ಕೇಳಿದೆ.

"ನಮ್ಮ ಅಜ್ಜ ಜಹಗೀರದಾರರ ಕಡೆ ಗುಮಾಸ್ತ ಇದ್ದ, ಮಹಾದೇವಿ. ನಿಜಾಮರ ಕಾಲ. ಸಾಯೂತನಕಾ ಅಂವ, ನಮ್ಮ ಜಹಗೀರದಾರ್ರು ದೇವರಂಥವ್ರು, ಒಮ್ಮೆನೂ ಬೈದಿಲ್ಲ, ಬಡದಿಲ್ಲ ಅಂತಿದ್ದ. ಖರೇ ಇರಬೇಕು. ಆದರ ಅವ್ರ ವಾಡೆ ಮುಂದ ಹಾಯಬೇಕಾದ್ರ ಚಪ್ಪಲಿ ಬಿಚ್ಚಿ ಕೈಯಾಗ ಹಿಡೀತಿದ್ದ. ಜಹಗೀರು ಹೋಗಿ ವಾಡೆ ಬಿದ್ದ ಮ್ಯಾಲೂ ಹಿಡೀತಿದ್ದ. ಯಾರೂ ಬಡೀದ ಮನಿಷ್ಯಾ ಯಾಕ ಅಂಜತಾನ? ಇದಕ್ಕ ಉತ್ತರ ಹುಡುಕ್ಕೋತ ಹೋದೆ. ಅಲ್ಲಿ ಹಾಲೆಂಡಿನಾಗ ಸಿಕ್ತು."

ಜುಲೈ ತುಂಬ ಮಳೆ. ಕಾಗಿಣಾ ನದಿ ತುಂಬಿ ದಂಡೋತಿ ಸೇತುವೆಯ ಮೇಲೆ ನೀರು ಹರಿದು, ಆಚೆ ದಂಡೆಯ ಹುಡುಗರು ವಾರಗಟ್ಟಲೆ ಬರಲಿಲ್ಲ. ಬಂದ ಹತ್ತಿಪ್ಪತ್ತು ಮಕ್ಕಳನ್ನು ಸೋರದ ಮೂಲೆಗೆ ಕೂಡಿಸಿಕೊಂಡು ಸರ್ ಪಾಠ ಹೇಳುತ್ತಿದ್ದರು. ನನ್ನ ತಾಸು ಖಾಲಿ ಇದ್ದಾಗ ನಾನೂ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದೆ.

"ಸಮುದ್ರಕ್ಕಿಂತ ಕೆಳಗಿರೂ ದೇಶ ಅದು. ನೇಕಾರರು, ಮೀನು ಮಾರವ್ರು, ಹಡಗಿನ ವ್ಯಾಪಾರಸ್ಥರು. ಮ್ಯಾಲೊಬ್ಬ ಸ್ಪೇನಿನ ರಾಜ. ಕಾಯೂ ಕುರುಬ ಕುರಿ ಕಡೀಲಿಕತ್ತರ ಅವನ್ನ ಬಿಡಬೇಕು, ರಾಜ ಇರೂದು ಜನರ ಸಲುವಾಗಿ, ಜನ ರಾಜನ ಸಲುವಾಗಿ ಅಲ್ಲ ಅಂತ ಹೇಳಿ ಅವನ್ನ ಬಿಟ್ರು. ಬಿಟ್ಟು ಏನ್ ಮಾಡಿದ್ರು ಹೇಳ್ರಿ?"

ಉತ್ತರವನ್ನೂ ತಾವೇ ಹೇಳಿದರು.

"ಮತ್ತೊಬ್ಬ ರಾಜನ್ನ ಹುಡಕಲಿಕ್ಕೆ ಹೋದ್ರು!"

ಕ್ಲಾಸು ನಕ್ಕಿತು. ಸರ್ ನಗದೆ ಮುಂದುವರಿಸಿದರು. ಫ್ರಾನ್ಸಿನಿಂದ ಒಬ್ಬನನ್ನು ಕರೆತಂದರು, ಅವನು ಒಗ್ಗಲಿಲ್ಲ. ಇಂಗ್ಲೆಂಡಿನ ರಾಣಿಯನ್ನು ಕೇಳಿದರು, ಅವಳು ಒಲ್ಲೆ ಅಂದಳು. ತಕ್ಕ ರಾಜ ಸಿಗದೆ ಗಣರಾಜ್ಯವಾದರು. ಆದರೂ ಹಳೆಯ ರಾಜ ನೇಮಿಸುತ್ತಿದ್ದ ಸುಬೇದಾರಿಯನ್ನು, ಅಂದರೆ ಪ್ರಾಂತದ ಅಧಿಪತಿಯ ಹುದ್ದೆಯನ್ನು, ಮಾತ್ರ ಉಳಿಸಿಕೊಂಡು, ಅದನ್ನು ಒಂದೇ ರಾಜಮನೆತನಕ್ಕೆ ಕೊಡುತ್ತ ಹೋದರು. ಮುಂದೆ ಒಂದು ತಲೆಮಾರಿನಲ್ಲಿ ಆ ಸುಬೇದಾರ ಚಿಕ್ಕ ವಯಸ್ಸಿಗೆ ಸತ್ತಾಗ, ನಮಗೆ ಇನ್ನು ಸುಬೇದಾರನೇ ಬೇಡ ಎಂದು ದೊಡ್ಡ ದೊಡ್ಡ ಪಟ್ಟಣಗಳ ವ್ಯಾಪಾರಸ್ಥರು ಗಟ್ಟಿ ಮನಸ್ಸು ಮಾಡಿದರು. ಇಪ್ಪತ್ತೆರಡು ವರ್ಷ ಹಾಗೆಯೇ ನಡೆಸಿದರು. ಅದನ್ನು ಅವರು ನಿಜವಾದ ಸ್ವಾತಂತ್ರ್ಯ ಎಂದು ಕರೆದುಕೊಂಡರು. ಬಟ್ಟೆ ವ್ಯಾಪಾರದ ಅಣ್ಣತಮ್ಮಂದಿರಿಬ್ಬರು, ಕನ್ನಡಕದ ಗಾಜು ಉಜ್ಜಿ ಹೊಟ್ಟೆ ಹೊರೆಯುವ ಒಬ್ಬ ತತ್ವಜ್ಞಾನಿ, ಇಂಥವರು ಕೂತು ಅದರ ಅರ್ಥ ಬರೆದರು.

"ಅವ್ರು ಹೇಳಿದ್ದು ಇಷ್ಟ," ಸರ್ ಬೆರಳೆತ್ತಿದರು. "ಧಣಿ ಹೊಡದ್ರ ಗುಲಾಮ, ಹೊಡೀದಿದ್ರ ಸ್ವತಂತ್ರ ಅಂತಲ್ಲ. ಹೊಡೀಬಹುದು ಅಥವಾ ಬಿಡಬಹುದು, ಅವನ ಮರ್ಜಿ, ಅಂದ ಮ್ಯಾಲ ನೀ ಗುಲಾಮನ. ಒಳ್ಳೆ ಧಣಿ ಕಡೆ ಇರಾಂವ ಒಳ್ಳೆ ನಸೀಬಿನ ಗುಲಾಮ."

ಮುಂದಿನ ಸಾಲಿನ ಅಂಬಿಕಾ ಎದ್ದು ನಿಂತಳು. ಅವಳಪ್ಪ ಶಹಾಬಾದಿನ ಹತ್ತಿರ ಫರ್ಸಿ ಖಣಿಯಲ್ಲಿ ನೆಲಕ್ಕೆ ಹಾಸುವ ಕಲ್ಲು ಎಬ್ಬಿಸುವವ. "ಸರ್, ಅವ್ರ ಹಡಗಿನಾಗ ಗುಲಾಮರನ್ನ ತುಂಬ್ಕೊಂಡು ಹೋಗಿ ಮಾರತಿದ್ರು ಅಂತ ಇನ್ನೊಂದು ಪುಸ್ತಕದಾಗ ಅದರಿ. ಅವರಿಗ್ಯಾಕ ಈ ಮಾತು ಹೇಳ್ಲಿಲ್ರಿ?"

ಸರ್ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. "ಹೇಳ್ಲಿಲ್ಲವ್ವಾ. ಊರಾಗಿನ ಬಡವರಿಗೂ ಹೇಳ್ಲಿಲ್ಲ. ತಮ್ಮಷ್ಟಕ್ಕ ಹೇಳ್ಕೊಂಡ್ರು. ಅದಕ್ಕ ಅವ್ರದು ಉಳೀಲಿಲ್ಲ."

ಗಣಿತ ಕಲಿಸುತ್ತಿದ್ದ ಕವಿತಾ ಆಗ ತುಂಬಿದ ಬಸುರಿ. ಸೆಪ್ಟೆಂಬರಿನಲ್ಲಿ ಹಡೆದಳು, ಗಂಡುಮಗು. ಸಾವಕಾರ್ರು ಮಗುವಿಗೆ ಬೆಳ್ಳಿಯ ಕಾಲ್ಗಡಗ, ಹಾಲಿಗೆಂದು ಒಂದು ಆಕಳು ಕಳಿಸಿದರು. ದೀಪಾವಳಿ ಮುಗಿಸಿ ಅವಳು ಕಾಲೇಜಿಗೆ ಬಂದರೆ ಅವಳ ತಾಸುಗಳಿಗೆ ಬೇರೊಬ್ಬರು ಬಂದಾಗಿತ್ತು. ಸಾವಕಾರ್ರು ತಂದೆಯ ಹಾಗೆ ಹೇಳಿದರಂತೆ: "ಕೂಸು ಸಣ್ಣದದ ಮಗಳಾ. ಈ ವರ್ಷ ಆರಾಮ ಮಾಡು. ಜೂನಿಗೆ ಬಾ, ನೋಡೂಣು." ಅವಳ ಗಂಡನ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸ ಆಗಲೇ ಹೋಗಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಅವಳು ಅತ್ತಳು. ಅಳುತ್ತಲೇ, "ಅವ್ರು ಭಾಳ ಛಲೋ ಮನಿಷ್ಯಾ ಅಕ್ಕಾ, ಅವರ ತಪ್ಪಲ್ಲ" ಅಂದಳು.

ಇಬ್ರಾಹಿಂ ಸರ್ ಕಿಟಕಿಯ ಹತ್ತಿರ ನಿಂತಿದ್ದರು. ತಿರುಗಿ ನೋಡಿ, "ಮತ್ತ ಯಾರ ತಪ್ಪವ್ವಾ?" ಎಂದು ಮೆಲ್ಲಗೆ ಕೇಳಿದರು.

ಮುಂದಿನ ಭಾನುವಾರ ಸರ್ ಕರೆದರೆಂದು ನಾವು ಮೇಷ್ಟ್ರುಗಳೆಲ್ಲ ಶಹಾಬಾದಿಗೆ, ಅವರ ಮನೆಗೆ ಹೋದೆವು. ಅವರ ಹೆಂಡತಿ ಎಲ್ಲರಿಗೂ ಖಿಚಡಿ, ಹುಣಸೆಯ ಖಟ್ಟಾ ಮಾಡಿದ್ದರು. ಎಂ.ಎಸ್ಸಿ. ಓದುತ್ತಿದ್ದ ಮಗಳು ಶಬಾನಾ ಬಡಿಸಿದಳು. ಸರ್ ಕೇಳಿದ್ದು ದೊಡ್ಡದೇನೂ ಅಲ್ಲ. ಮೇಷ್ಟ್ರುಗಳದೇ ಚುನಾಯಿತ ಸಮಿತಿ ಇರಬೇಕು, ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂಬುದಕ್ಕೆ ಎಲ್ಲರೂ ಕೂಡಿ ಬರೆದ ನಿಯಮ ಇರಬೇಕು, ಹೆರಿಗೆಗೆ ರಜೆ ಕೊಡಬೇಕು. ಕನ್ನಡ ಕಲಿಸುತ್ತಿದ್ದ ಚಂದ್ರಕಾಂತ ಸರ್ ಎಲ್ಲರಿಗಿಂತ ಜೋರಾಗಿ ಮಾತಾಡಿದರು. "ಎಷ್ಟ ದಿನ ಪಡಸಾಲ್ಯಾಗ ಕೈಕಟ್ಟಿ ನಿಂದ್ರೂದ್ರಿ? ನಾವೇನ್ ಭಿಕ್ಷಾ ಬೇಡ್ಲಿಕತ್ತೀವೇನು?" ಅವರ ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಸ್ಟೀಲಿನ ಡಬ್ಬಿಯಲ್ಲಿ ಚೀಟಿ ಹಾಕಿ ಮತ ಕೊಟ್ಟೆವು. ಇಬ್ರಾಹಿಂ ಸರ್ ಅಧ್ಯಕ್ಷರಾದರು. ಸಂಜೆ ಟಂಟಂ ಆಟೋದಲ್ಲಿ ವಾಡಿಗೆ ಹೊರಳುವಾಗ ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಮೇಷ್ಟ್ರುಗಳೆಲ್ಲ ಹುಡುಗರ ಹಾಗೆ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಆ ವರ್ಷದ ಸುಖವೆಂದರೆ ಆ ಒಂದು ದಾರಿ.

ಸಾವಕಾರ್ರಿಗೆ ಹೇಳಲಿಕ್ಕೆ ಹೋದಾಗ ಅವರು ಸಿಟ್ಟಾಗಲಿಲ್ಲ. ಬಿಸಿ ಭಜಿ ತರಿಸಿದರು. "ಭೇಷ್, ಛಲೋ ಮಾಡೀರಿ. ಕಾಲೇಜು ನಿಮ್ದ ಅದ. ಮುದುಕಗ ಇನ್ನ ವಿಶ್ರಾಂತಿ ಕೊಡ್ರಿ," ಎಂದು ನಕ್ಕರು. ತಾವೇ ಎದ್ದು ಬಂದು ಇಬ್ರಾಹಿಂ ಸರ್ ಅವರ ಭುಜ ತಟ್ಟಿದರು.

ಮರುದಿನದಿಂದ ಸಾವಕಾರ್ರು ಕಾಲೇಜಿಗೆ ಬರುವುದನ್ನು ನಿಲ್ಲಿಸಿದರು. ಅಷ್ಟೇ. ಒಬ್ಬರಿಗೂ ಒಂದು ಮಾತು ಅನ್ನಲಿಲ್ಲ, ಯಾರನ್ನೂ ತೆಗೆಯಲಿಲ್ಲ. ಡಿಸೆಂಬರಿನಲ್ಲಿ ಪರೀಕ್ಷೆಯ ಅರ್ಜಿಗಳಿಗೆ ಸಹಿ ಬೇಕೆಂದು ಜವಾನ ಹೋದರೆ, "ನನ್ನ ಸಹಿ ಯಾಕಪಾ? ಈಗ ಅವ್ರಿಗೆ ಅಧ್ಯಕ್ಷರು ಇದ್ದಾರಲ್ಲ," ಎಂದು ಚಹಾ ಕುಡಿಸಿ ಕಳಿಸಿದರು. ಇಬ್ರಾಹಿಂ ಸರ್ ಸಹಿ ಮಾಡಿದ ಅರ್ಜಿಗಳು ವಿಶ್ವವಿದ್ಯಾಲಯದಿಂದ ವಾಪಸು ಬಂದವು. ಸರ್ ಎರಡು ಸಲ ಕಲಬುರಗಿಗೆ ಹೋಗಿ ಕಿಟಕಿಯಿಂದ ಕಿಟಕಿಗೆ ಅಲೆದರು. ಎಲ್ಲ ಕಡೆ ಒಂದೇ ಮಾತು: ನಮ್ಮ ದಫ್ತರಿನಲ್ಲಿ ಇರುವುದು ಸಾವಕಾರರ ಸಹಿ, ಅದಿಲ್ಲದೆ ಹಾಲ್ ಟಿಕೆಟ್ ಇಲ್ಲ.

ಆ ದಿನಗಳಲ್ಲೂ ಅವರು ಪಾಠ ನಿಲ್ಲಿಸಲಿಲ್ಲ. ಪತ್ರಿಕೆಯ ಕೊನೆಯ ಭಾಗ ಬಂದಿತ್ತು. ಫ್ರಾನ್ಸಿನ ಸೈನ್ಯ ಹಾಲೆಂಡಿನ ಮೇಲೆ ಏರಿ ಬಂತು. ಶತ್ರುವನ್ನು ತಡೆಯಲಿಕ್ಕೆ ಜನ ತಮ್ಮ ಒಡ್ಡುಗಳನ್ನು ತಾವೇ ತೆರೆದು ಹೊಲ ಮುಳುಗಿಸಿಕೊಂಡರು. ಭಯ ಹುಟ್ಟಿದ ಮೇಲೆ ಮಂದಿಗೆ ಸ್ವಾತಂತ್ರ್ಯ ಬೇಡವಾಯಿತು, ಅದೇ ಹಳೆಯ ಮನೆತನದ ರಾಜಕುಮಾರ ಬೇಕಾದ. ಅವನನ್ನು ಸುಬೇದಾರನನ್ನಾಗಿ ಮಾಡಿದರು. ಸುಮಾರು ಇಪ್ಪತ್ತು ವರ್ಷ ಗಣರಾಜ್ಯ ನಡೆಸಿದ ನಾಯಕನನ್ನೂ ಅವನ ಅಣ್ಣನನ್ನೂ ನಡುಬೀದಿಗೆ ಎಳೆದು ಕೊಂದರು. "ಕೊಂದವ್ರು ಶತ್ರುಗಳಲ್ಲ," ಎಂದರು ಸರ್. "ಅಂಗಡಿಯವ್ರು, ಕಮ್ಮಾರರು, ಅದ ಊರಿನ ಮಂದಿ." ಪುಸ್ತಕ ಮುಚ್ಚಿದರು. ಪಾಠ ಮುಗಿಯಿತು ಎಂದು ಯಾರೂ ಹೇಳದೆ ಹುಡುಗರು ಎದ್ದು ಹೋದರು.

ಜನವರಿಯಲ್ಲಿ ತೊಗರಿ ರಾಶಿಯ ಕಾಲ. ಹೊಲದ ಕೆಲಸ ಬಿಟ್ಟು ತಂದೆತಾಯಿಗಳು ಕಾಲೇಜಿನ ಗೇಟಿಗೆ ಬರತೊಡಗಿದರು. ಅಂಬಿಕಾ ನನ್ನನ್ನು ಲೈಬ್ರರಿಯಲ್ಲಿ ಹಿಡಿದಳು.

"ಮೇಡಂ, ನೀವರೆ ಸರ್‌ಗೆ ಹೇಳ್ರಿ. ಸಾವಕಾರ್ರಿಗೆ ಒಂದು ಮಾತು ತಪ್ಪಾತು ಅಂದ್ಬಿಡ್ರಿ ಅನ್ರಿ."

"ತಪ್ಪು ಏನ್ ಮಾಡ್ಯಾರವ್ವಾ ಅವ್ರು?"

"ಏನೂ ಮಾಡಿಲ್ಲ, ನಂಗ ಗೊತ್ತದ. ಆದರ ಈ ವರ್ಷ ಪರೀಕ್ಷಾ ತಪ್ಪಿತಂದ್ರ ನಮ್ಮಪ್ಪ ಮದುವಿ ಮಾಡಿ ಕಳಸ್ತಾನ್ರಿ. ಇನ್ನೊಂದು ವರ್ಷ ನನಗ ಇಲ್ಲ."

ನಾನು ಸರ್‌ಗೆ ಹೇಳಿದೆ. ಅವರು ಒಬ್ಬರೇ ಸಾವಕಾರ್ರ ಮನೆಗೆ ಹೋದರು. ಸಮಿತಿ ಬಿಡುತ್ತೇನೆ, ಹುಡುಗರ ಅರ್ಜಿಗಳಿಗೆ ಸಹಿ ಮಾಡಿಕೊಡಿ ಎಂದು ಕೇಳಿಕೊಂಡರಂತೆ. ಸಾವಕಾರ್ರು, "ನಾ ಯಾರ ಮ್ಯಾಲೂ ಜುಲುಮಿ ಮಾಡಾಂವ ಅಲ್ಲ ಇಬ್ರಾಹಿಂ. ನೀ ಒಬ್ಬನ ಬಂದ್ರ ಹ್ಯಾಂಗ? ಎಲ್ಲಾರೂ ಬಂದು ಹೇಳಲಿ," ಎಂದರಂತೆ.

ಎಲ್ಲರೂ ಹೇಳಿದ್ದು ಜನವರಿ ಇಪ್ಪತ್ತಾರಕ್ಕೆ. ಕಾಲೇಜಿನ ಅಂಗಳದಲ್ಲಿ ಶಾಮಿಯಾನ, ಪಾಲಕರು, ಹುಡುಗರು. ಸಾವಕಾರ್ರು ತಲೆಗೆ ಬಿಳಿ ಪಟಕಾ ಸುತ್ತಿಕೊಂಡು ಬಂದು ಧ್ವಜ ಏರಿಸಿದರು. ಸಂವಿಧಾನದ ಪ್ರಸ್ತಾವನೆಯನ್ನು ಅಂಬಿಕಾ ಓದಿದಳು. ಅವಳ ದನಿ ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೆ ಚಂದ್ರಕಾಂತ ಸರ್ ಮೈಕು ಹಿಡಿದು, ಸಮಿತಿಯನ್ನು ಎಲ್ಲರೂ ಕೂಡಿ ವಿಸರ್ಜನೆ ಮಾಡಿದ್ದೇವೆ ಎಂದರು. "ನಮಗ ನಿಯಮ ಬ್ಯಾಡ್ರಿ. ನಮಗ ಹಿರಿಯರ ನೆರಳು ಬೇಕು. ಇವತ್ತಿನಿಂದ ಸಾವಕಾರ್ರ ಆಜೀವ ಅಧ್ಯಕ್ಷರು." ಚಪ್ಪಾಳೆ ಬಿತ್ತು. ಮೇಷ್ಟ್ರುಗಳು ಸಾಲಾಗಿ ಹಾರ ಹಾಕಿದರು.

ಹಾರ ಹಾಕದೆ ನಿಂತವರು ಇಬ್ರಾಹಿಂ ಸರ್ ಮತ್ತು ನಾನು. ಪಾಲಕರ ಕಡೆಯಿಂದ ಯಾರೋ ಕೂಗಿದರು: "ನಮ್ಮ ಮಕ್ಕಳ ವರ್ಷ ಹಾಳು ಮಾಡಿದಾಂವ ಅವನ!" ಇನ್ನೊಬ್ಬರು, "ಹೊರಗಿನವ್ರನ್ನ ತಂದು ತಲಿಮ್ಯಾಲ ಕೂಡಿಸಿದ್ರ ಹಿಂಗ ಆಗ್ತದ," ಎಂದರು. ಜನ ಮುಂದಕ್ಕೆ ನುಗ್ಗಿದರು. ಸರ್ ಅವರ ಕನ್ನಡಕ ಕೆಳಗೆ ಬಿತ್ತು, ಯಾರದೋ ಕಾಲಡಿ ಒಡೆಯಿತು. ಒಬ್ಬ ಅವರ ಅಂಗಿಯ ಕೊರಳು ಹಿಡಿದು ಜಗ್ಗಿದ. ನಾನು ನಡುವೆ ಹೋಗಿ ಆ ಕೈ ಬಿಡಿಸಲು ನೋಡಿದೆ, ಆಗಲಿಲ್ಲ. ಬಿಡಿಸಿದವರು ಸಾವಕಾರ್ರೇ. ವೇದಿಕೆಯಿಂದ ಇಳಿದು ಬಂದು, "ಯಾರಾರೆ ಮುಟ್ಟೀರಿ ನೋಡ್ರಿ! ಅಂವ ನಮ್ಮ ಮನಿಷ್ಯಾ!" ಎಂದು ಗದರಿದರು. ಜನ ಕ್ಷಣದಲ್ಲಿ ಹಿಂದೆ ಸರಿದರು. ಹರಿದ ಅಂಗಿಯ ಮೇಲೆ ಕೈಯಿಟ್ಟು ಅವರು ಹೇಳಿದರು, "ಜೂನಿಗೆ ಬಾ ಇಬ್ರಾಹಿಂ. ನೋಡೂಣು."

"ಬರಂಗಿಲ್ರಿ," ಎಂದರು ಸರ್. ಅದೊಂದೇ ಮಾತು. ಅವತ್ತೇ ಮಧ್ಯಾಹ್ನ ಅರ್ಜಿಗಳಿಗೆಲ್ಲ ಸಹಿ ಬಿತ್ತು.

ಅಂಬಿಕಾ ಪಾಸಾದಳು. ಆದರೂ ಅವಳಪ್ಪ ಮೇ ತಿಂಗಳಲ್ಲಿ ಮದುವೆ ಮಾಡಿ ತಾಂಡೂರಿನ ಕಡೆ ಕೊಟ್ಟ. ಜೂನಿನಲ್ಲಿ ನಾನು ಪಡಸಾಲೆಗೆ ಹೋಗಲಿಲ್ಲ. ಕವಿತಾ ಹೋಗಿದ್ದಳು, ಕೂಸನ್ನು ಎತ್ತಿಕೊಂಡು. ಅವಳ ಹೆಸರು ಕರೆದರು. "ನನಗ ಬ್ಯಾರೆ ದಾರಿ ಇಲ್ಲಕ್ಕಾ, ಸಿಟ್ಟಾಗಬ್ಯಾಡ್ರಿ," ಎಂದು ಫೋನಿನಲ್ಲಿ ಅತ್ತಳು. ನಾನು ಸಿಟ್ಟಾಗಲಿಲ್ಲ.

ಆ ಸುದ್ದಿ ಹೇಳಲಿಕ್ಕೆ ಶಹಾಬಾದಿಗೆ ಹೋದೆ. ಸರ್ ತಮ್ಮನ ಫರ್ಸಿ ಪಾಲಿಶ್ ಶೆಡ್ಡಿನಲ್ಲಿ ಲಾರಿಗೆ ಕಲ್ಲು ಏರಿಸುವುದನ್ನು ನೋಡಿಕೊಂಡು ಕೂತಿದ್ದರು. ಮಷೀನಿನ ಕೆಳಗಿನಿಂದ ಬೂದಿ ಬಣ್ಣದ ನೀರು ಹರಿದು ಅವರ ಚಪ್ಪಲಿಯ ಸುತ್ತ ನಿಂತಿತ್ತು. ಕವಿತಾಗೆ ಕೆಲಸ ಸಿಕ್ಕಿತು ಎಂದಾಗ, "ಛಲೋ ಆತು, ಕೂಸಿಗಿ ಹಾಲು ಆಗ್ತದ," ಎಂದರು.

"ಸರ್, ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಕೊಡೂಣೇನ್ರಿ?"

"ಯಾರನ್ನ ಕರ್ಕೊಂಡು ಹೋಗೂದು, ಮಹಾದೇವಿ?"

ಅವರೇ ಮಾತು ಮುಂದುವರಿಸಿದರು. "ಹಾಲೆಂಡಿನಾಗ ಈಗ ರಾಜ ಇದ್ದಾನ, ಗೊತ್ತದ? ಅದ ಮನೆತನದವ. ಭಾಳ ಒಳ್ಳೆಯವನಂತ. ನಾ ಇಷ್ಟು ವರ್ಷ ಓದಿದ್ರಾಗ ಒಂದು ಲಕ್ಷ್ಯಕ್ಕ ತಗೊಂಡಿದ್ದಿಲ್ಲ. ಸ್ವಾತಂತ್ರ್ಯ ಅನ್ನೂದು ಒಬ್ಬಗ ಸಿಗೂದಲ್ಲ. ಎಲ್ಲಾರೂ ಕೂಡಿ ಇದ್ರ ಅದು ಸ್ವಾತಂತ್ರ್ಯ. ಒಬ್ಬನ ಆದ್ರ, ಬರೇ ಕೆಲಸ ಇಲ್ಲದಾಂವ." ಅಷ್ಟರಲ್ಲಿ ಮಷೀನು ಶುರುವಾಯಿತು. ಆಮೇಲೆ ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಆ ಚಳಿಗಾಲದಲ್ಲಿ ಅವರಿಗೆ ಮೊದಲಿಂದ ಇದ್ದ ದಮ್ಮು ಹೆಚ್ಚಾಗಿ, ಕಲ್ಲಿನ ಧೂಳು ಕೂಡಿ, ಎರಡೇ ವಾರದಲ್ಲಿ ತೀರಿಕೊಂಡರು. ನಾನು ಮುಟ್ಟುವ ಹೊತ್ತಿಗೆ ಗಂಡಸರು ಖಬರಸ್ತಾನಕ್ಕೆ ಹೋಗಿದ್ದರು. ಒಳಗೆ ಅವರ ಹೆಂಡತಿ ಮತ್ತು ಶಬಾನಾಳ ಹತ್ತಿರ ಕೂತೆ. ಮಣ್ಣು ಮುಗಿಸಿಕೊಂಡು ಸಾವಕಾರ್ರು ಮನೆಯ ಬಾಗಿಲಿಗೆ ಬಂದರು. ಪಟಕಾ ಕೈಯಲ್ಲಿತ್ತು, ಕಣ್ಣು ಕೆಂಪಾಗಿದ್ದವು. ಚಂದ್ರಕಾಂತ ಸರ್ ಮತ್ತು ಉಳಿದ ಮೇಷ್ಟ್ರುಗಳು ಅವರ ಹಿಂದೆ ನಿಂತಿದ್ದರು. ಮೂರು ದಿನದ ಊಟ ತಮ್ಮ ಮನೆಯಿಂದಲೇ ಬರುತ್ತದೆ ಎಂದರು. ಶಬಾನಾಳ ಓದು ಏನೆಂದು ಕೇಳಿದರು. "ಕೆಮಿಸ್ಟ್ರಿ ಏನವ್ವಾ? ನಮ್ಮಲ್ಲಿ ಜಾಗಾ ಅದ. ಜೂನಿಗೆ ಬಾ," ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅದೂ ನಾಟಕವಲ್ಲ.

ಅವರು ಹೋದ ಮೇಲೆ ಶಬಾನಾಳ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಎಂಥಾ ಒಳ್ಳೆ ಮನಿಷ್ಯಾ ನೋಡವ್ವಾ," ಎಂದರು.

ಶಬಾನಾ ನನ್ನ ಮುಖ ನೋಡಿದಳು. ನಾನು ಆಗಲೇ ಚಿಂಚೋಳಿಯ ಪಕ್ಕ ಚಂದಾಪುರದಲ್ಲಿ, ಜನರಿಗೆ ಆಧಾರು, ರೇಷನ್ನಿನ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅವಳಿಗೆ ತೋರಿಸಲಿಕ್ಕೆ ಬೇರೆ ದಾರಿ ನನ್ನ ಹತ್ತಿರ ಇರಲಿಲ್ಲ.

"ಹೋಗ್ಲೇನಕ್ಕಾ?" ಎಂದು ಕೇಳಿದಳು.

"ಹೋಗವ್ವಾ," ಎಂದೆ.